ಜೋಳದ ದುಡ್ಡಲ್ಲಿ ಟ್ಯಾಬ್ ಕೊಡಿಸಬೇಕಾ?

ಹೋದ ತಿಂಗಳು ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು, ಎರಡು ಇಡ್ಲಿ ತಿಂದು, ಇನ್ನೇನು ಮಲಗಬೇಕು ಅನ್ನುವಷ್ಟರಲ್ಲಿ ಭಾವನ ಫೋನ್ ಬಂತು. ಜಗಳೂರು ಕಡೆಯ ನಮ್ಮೂರಿಂದ. ಭಾವ ಸುಮ್ಸುಮ್ನೆ ಫೋನ್ ಮಾಡುವವರಲ್ಲ. "ಏನವ್ವಾ, ಡ್ಯೂಟಿ ಮುಗೀತಾ? ಒಂದು ಮಾತು ಕೇಳದೈತಿ. ಈ ನರ್ಸಿಂಗ್ ಓದೋರಿಗೆ ಟ್ಯಾಬ್ ಬೇಕೇ ಬೇಕಾ? ನಿನ್ನ ಮಗಳು ಒಂದೇ ಹಠ ಹಿಡಿದಾಳೆ. 18 ಸಾವಿರ ಅಂತೆ."

ನನ್ನ ಮಗಳು ಅಂದರೆ ಅಕ್ಕನ ಮಗಳು. ಇಲ್ಲೇ ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ಭಾವನದು ಮಳೆ ನಂಬಿದ ಹೊಲ. ಮೆಕ್ಕೆಜೋಳ ಬೆಳೆದು ಇಲ್ಲಿನ ಎಪಿಎಂಸಿಗೆ ತಂದು ಹಾಕುವವರು. 18 ಸಾವಿರ ಅಂದರೆ ಅವರ ಲೆಕ್ಕದಲ್ಲಿ ಎಷ್ಟು ಚೀಲ ಅಂತ ನನಗೆ ಗೊತ್ತು, ಅವಳಿಗೂ ಗೊತ್ತಿದೆ. ಆದರೂ ಕೇಳಿದ್ದಾಳೆ ಅಂದರೆ ಬರೀ ಆಸೆಗೆ ಇರಲಿಕ್ಕಿಲ್ಲ ಅನ್ನಿಸಿತು. ಸಂಜೆ ಹೇಳ್ತೀನಿ ಭಾವ ಅಂದು ಫೋನ್ ಇಟ್ಟೆ, ಆದರೆ ನಿದ್ದೆ ಬರಲಿಲ್ಲ.

ಯಾಕಂದರೆ ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಓದುವಾಗ ನನ್ನ ಹತ್ತಿರ ಫೋನೇ ಇರಲಿಲ್ಲ. ವಾರಕ್ಕೊಮ್ಮೆ ಹಾಸ್ಟೆಲ್ ಎದುರಿನ ಕಾಯಿನ್ ಡಬ್ಬಕ್ಕೆ ಒಂದು ರೂಪಾಯಿ ಹಾಕಿ ಅಪ್ಪನ ಜೊತೆ ಮಾತಾಡಿದರೆ ಮುಗೀತು. ನಾನು ಕನ್ನಡ ಮೀಡಿಯಂನಲ್ಲಿ ಓದಿ ಬಂದವಳು. ಕ್ಲಾಸಿನಲ್ಲಿ ಮೇಡಂ 'ನ್ಯುಮೋನಿಯಾ' ಅಂದರು. ರಾತ್ರಿ ಡಿಕ್ಷನರಿ ತೆಗೆದು 'ಎನ್' ಅಕ್ಷರದಲ್ಲಿ ಹುಡುಕಿದೆ, ಹುಡುಕಿದೆ, ಸಿಗಲೇ ಇಲ್ಲ. ಡಿಕ್ಷನರಿಯೇ ಹಳೇದಿರಬೇಕು ಅಂದುಕೊಂಡು ಮಲಗಿದೆ. ಆ ಪದ 'ಪಿ' ಇಂದ ಶುರುವಾಗುತ್ತೆ, ಆ 'ಪಿ'ಯನ್ನು ಯಾರೂ ಉಚ್ಚರಿಸಲ್ಲ ಅಂತ ತಿಳಿಯಲು ನನಗೆ ನಾಲ್ಕು ದಿನ ಬೇಕಾಯ್ತು. ಈಗ ನಮ್ಮ ಹುಡುಗಿ ಫೋನಿಗೆ ಬಾಯಿಟ್ಟು ಪದ ಹೇಳುತ್ತಾಳೆ, ಸ್ಪೆಲ್ಲಿಂಗು, ಅರ್ಥ, ಚಿತ್ರ ಎಲ್ಲಾ ಬರುತ್ತೆ. ನನಗೆ ಹೊಟ್ಟೆಕಿಚ್ಚೇ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಕನ್ನಡ ಮೀಡಿಯಂನಿಂದ ಬಂದ ಹುಡುಗಿಯರಿಗೆ ಮೊದಲ ವರ್ಷ ಫೋನ್ ಎಷ್ಟು ದೊಡ್ಡ ಆಸರೆ ಅನ್ನೋದು ಇಂಗ್ಲಿಷ್ ಮೀಡಿಯಂನವರಿಗೆ ಅರ್ಥವಾಗೋದು ಕಷ್ಟ.

ಎದೆಯ ಶಬ್ದಗಳನ್ನೇ ತಗೊಳ್ಳಿ. ವೀಸ್ (ಸಿಳ್ಳೆಯಂಥ ಸದ್ದು) ಅಂದರೆ ಹೇಗೆ, ಕ್ರೆಪಿಟೇಶನ್ (ಚಟಪಟ ಸದ್ದು) ಅಂದರೆ ಹೇಗೆ ಅಂತ ಪುಸ್ತಕ ಎಷ್ಟು ಪುಟ ಬರೆದರೂ ಕೇಳಿಸಲ್ಲ ಅಲ್ವಾ? ಇಯರ್‌ಫೋನ್ ಹಾಕಿಕೊಂಡು ಒಂದು ವಿಡಿಯೋ ಕೇಳಿದರೆ ಕೇಳಿಸುತ್ತೆ. ನಮ್ಮ ಕಾಲದಲ್ಲಿ ಅಂಥ ರೋಗಿ ವಾರ್ಡಿಗೆ ಬರುವವರೆಗೆ ಕಾಯಬೇಕಿತ್ತು. ಬಂದರೂ ಒಂದು ಸ್ಟೆತಾಸ್ಕೋಪಿಗೆ ಹನ್ನೆರಡು ಜನ ಮುಗಿಬೀಳುತ್ತಿದ್ದೆವು, ಪಾಪ ಆ ರೋಗಿ ಮೊದಲೇ ಉಸಿರು ಸಿಗದೆ ಒದ್ದಾಡುತ್ತಿರುತ್ತಿದ್ದ. ಇನ್ನು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವವರಿಗೆ ಹೆಲಿನೆಟ್ ಅನ್ನೋ ಡಿಜಿಟಲ್ ಲೈಬ್ರರಿ ಇದೆ. ಅದರಲ್ಲಿ ಪುಸ್ತಕ, ಜರ್ನಲ್ ಎಲ್ಲಾ ಸಿಗುತ್ತವೆ. ಅದನ್ನು ತೆರೆದು ನೋಡಿದ ವಿದ್ಯಾರ್ಥಿ ನನಗೆ ಇಲ್ಲಿಯವರೆಗೆ ಒಬ್ಬಳೂ ಸಿಕ್ಕಿಲ್ಲ, ಅದು ಬೇರೆ ಮಾತು.

ಹಾಗಾದರೆ ಟ್ಯಾಬ್ ಬೇಕು ಅಂತಲೇ? ತಡೀರಿ.

ಕೆಲ ದಿನ ಹಿಂದೆ ನಮ್ಮ ವಾರ್ಡಿಗೆ ಪೋಸ್ಟಿಂಗ್ ಮೇಲೆ ಬಂದಿದ್ದ ಎರಡನೇ ವರ್ಷದ ಹುಡುಗಿ. ಚುರುಕು ಹುಡುಗಿ, ಕೆಲಸಕ್ಕೆ ಹಿಂಜರಿಯಲ್ಲ. ಒಬ್ಬ ಅಜ್ಜನಿಗೆ 500 ಎಂಎಲ್ ನಾರ್ಮಲ್ ಸಲೈನ್, 8 ಗಂಟೆಯಲ್ಲಿ ಹೋಗಬೇಕು ಅಂತ ಆರ್ಡರ್. ನಿಮಿಷಕ್ಕೆ ಎಷ್ಟು ಹನಿ ಇಡ್ತೀಯಾ ಅಂತ ಕೇಳಿದೆ. ಜೇಬಿನಿಂದ ಫೋನ್ ತೆಗೆದಳು, ಯಾವುದೋ ಆ್ಯಪ್ ಒತ್ತಿದಳು, "16 ಮೇಡಂ" ಅಂದಳು. ಎಷ್ಟು ಧೈರ್ಯವಾಗಿ ಅಂದಳೆಂದರೆ ಒಂದು ಕ್ಷಣ ನನಗೇ ಅನುಮಾನ ಬಂತು. ಐವಿ ಸೆಟ್ಟಿನ (ಡ್ರಿಪ್ ಹಾಕುವ ನಳಿಕೆಯ) ಕವರ್ ಇನ್ನೂ ಟ್ರೇಯಲ್ಲೇ ಬಿದ್ದಿತ್ತು. ಎತ್ತಿ ಅವಳ ಕೈಗೆ ಕೊಟ್ಟೆ. ಓದು ಅಂದೆ. ಅದರ ಮೇಲೆ 20 ಹನಿಗೆ 1 ಎಂಎಲ್ ಅಂತಿತ್ತು. ಅವಳ ಆ್ಯಪ್‌ನಲ್ಲಿ ಮೊದಲೇ ಕೂತಿದ್ದ ಲೆಕ್ಕ 15 ಹನಿಗೆ 1 ಎಂಎಲ್. ಅಮೆರಿಕದಲ್ಲಿ 10 ಹನಿ, 15 ಹನಿಯ ಸೆಟ್ಟುಗಳೂ ಚಾಲ್ತಿಯಲ್ಲಿವೆ. ಆ್ಯಪ್ ಮಾಡಿದವನು ಅವನೂರಿನ ಸೆಟ್ಟಿಗೆ ಮಾಡಿದ್ದಾನೆ, ಅವನದೇನು ತಪ್ಪು?

ಈಗ ಲೆಕ್ಕ ನೋಡಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ. 8 ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 21. ಅವಳು 16 ಇಟ್ಟಿದ್ದರೆ 8 ಗಂಟೆಯಲ್ಲಿ ಮುಗಿಯಬೇಕಿದ್ದ ಬಾಟ್ಲಿ ಹತ್ತೂವರೆ ಗಂಟೆ ಹೋಗುತ್ತಿತ್ತು. ಆ ಅಜ್ಜನಿಗೆ ಅದರಿಂದ ದೊಡ್ಡ ತೊಂದರೆ ಏನೂ ಆಗುತ್ತಿರಲಿಲ್ಲ ಬಿಡಿ. ಆದರೆ ಇದೇ ಅಭ್ಯಾಸ ನಾಳೆ ಮಕ್ಕಳ ವಾರ್ಡಿನಲ್ಲಿ, ಐಸಿಯುನಲ್ಲಿ? ಅವಳಿಗೆ ಬೈಯಲಿಲ್ಲ. ನನ್ನ ವಾಚ್ ಬಿಚ್ಚಿ ಕೊಟ್ಟೆ. ಡ್ರಿಪ್ ಚೇಂಬರ್ ಪಕ್ಕ ಹಿಡಿದುಕೋ, 15 ಸೆಕೆಂಡಿಗೆ ಐದು ಹನಿ ಬೀಳೋ ಹಾಗೆ ರೋಲರ್ ತಿರುಗಿಸು ಅಂದೆ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಸರಿಯಾಯ್ತು. ಅಜ್ಜ ಮಲಗಿದ್ದಲ್ಲೇ ಹನಿ ಎಣಿಸುತ್ತಿದ್ದ. "ಐದು ಬಿತ್ತು ನೋಡವ್ವಾ" ಅಂದ.

ಇನ್ಸುಲಿನ್ನದೂ ಇದೇ ಕಥೆ. ನಮ್ಮಲ್ಲಿ ಸಾಮಾನ್ಯವಾಗಿ ವಯಲ್‌ನಲ್ಲಿ ಬರೋದು ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ದಕ್ಕೆ ಕಿತ್ತಳೆ ಮುಚ್ಚಳ. ಹೊರದೇಶದ ವಿಡಿಯೋಗಳಲ್ಲಿ ಸಾಮಾನ್ಯವಾಗಿ 100ರದ್ದೇ. ಅದನ್ನೇ ನೋಡಿ ಕಲಿತು ಬಂದವಳು 100ರ ಇನ್ಸುಲಿನ್‌ನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ, ಅಂದರೆ ಅರ್ಧ ಎಂಎಲ್, ಎಳೆದರೆ ಒಳಗೆ ಹೋಗೋದು 50 ಯೂನಿಟ್. ಎರಡೂವರೆ ಪಟ್ಟು! ಔಷಧಿ ಹೆಸರುಗಳೂ ಅಷ್ಟೇ. ನಮ್ಮ ಎಮರ್ಜೆನ್ಸಿ ಟ್ರೇಯಲ್ಲಿ ಇರೋದು ಅಡ್ರಿನಲಿನ್, ಅವಳ ಫೋನ್ ಹೇಳೋದು ಎಪಿನೆಫ್ರಿನ್. ಎರಡೂ ಒಂದೇ ಅಂತ ಗೊತ್ತಿಲ್ಲದವಳು ಆ ಗಡಿಬಿಡಿಯಲ್ಲಿ ಟ್ರೇ ಪೂರ್ತಿ ಹುಡುಕುತ್ತಾ ನಿಲ್ಲುತ್ತಾಳೆ.

ನಾನೇನು ಫೋನ್ ವಿರೋಧಿ ಅಲ್ಲ. ನಾನೂ ಡ್ಯೂಟಿ ರೂಮಿನಲ್ಲಿ ಹೊಸ ಇಂಜೆಕ್ಷನ್ ಬಂದರೆ ಫೋನಿನಲ್ಲೇ ನೋಡುತ್ತೇನೆ, ಯಾವುದರಲ್ಲಿ ಡೈಲ್ಯೂಟ್ ಮಾಡಬೇಕು, ಎಷ್ಟು ನಿಧಾನ ಕೊಡಬೇಕು ಅಂತ. ಆದರೆ ಬಾಗಿಲು ಅರ್ಧ ಮುಚ್ಚಿಕೊಂಡು ನೋಡುತ್ತೇನೆ, ಕಳ್ಳಿಯ ಹಾಗೆ. ಯಾಕಂದರೆ ರೌಂಡ್ಸಿಗೆ ಬಂದ ಡಾಕ್ಟರು ಫೋನ್ ನೋಡಿದರೆ ರೋಗಿಯ ಕಡೆಯವರು "ಪಾಪ ಎಷ್ಟು ಬಿಜಿ ಅದಾರೆ" ಅನ್ನುತ್ತಾರೆ, ಅದೇ ನರ್ಸ್ ನೋಡಿದರೆ "ಸಿಸ್ಟರ್ ಮೊಬೈಲ್ ನೋಡ್ಕೊಂತ ಕುಂತಾರ್ರೀ" ಅಂತ ವಿಡಿಯೋ ತೆಗೆಯುತ್ತಾರೆ. ನನಗೇ ಒಮ್ಮೆ ಹೀಗಾಗಿದೆ. ಡೋಸ್ ನೋಡುತ್ತಿದ್ದೆ ಅಂತ ಆ ಹುಡುಗನಿಗೆ ಸ್ಕ್ರೀನ್ ತೋರಿಸಿ ಒಪ್ಪಿಸಬೇಕಾಯ್ತು.

ವಿದ್ಯಾರ್ಥಿಗಳ ಪಾಡು ಇನ್ನೂ ವಿಚಿತ್ರ. ನಮ್ಮ ಹುಡುಗಿಯ ಕಾಲೇಜಿನಲ್ಲಿ ಕ್ಲಿನಿಕಲ್ಸ್‌ಗೆ ಹೋಗುವಾಗ ಫೋನ್‌ಗಳನ್ನೆಲ್ಲಾ ಒಂದು ಡಬ್ಬಿಯಲ್ಲಿ ಹಾಕಿಸಿಕೊಳ್ಳುತ್ತಾರಂತೆ. ಸರಿ. ಆದರೆ ಯಾವ ವಾರ್ಡು, ಯಾವ ರೋಗಿಯ ಕೇರ್ ಪ್ಲಾನ್ ಬರೀಬೇಕು, ನಾಳೆ ಯಾರ ಕೇಸ್ ಪ್ರೆಸೆಂಟೇಶನ್, ಇದೆಲ್ಲಾ ಬರೋದು ವಾಟ್ಸ್ಆ್ಯಪ್‌ನಲ್ಲಿ, ಅದೂ ಬೆಳಿಗ್ಗೆ ಫೋನ್ ಡಬ್ಬಿಯೊಳಗೆ ಇರುವಾಗ! ನೋಟ್ಸ್ ಅಂದರೆ 140 ಪುಟದ ಪಿಡಿಎಫ್. ಆರು ಇಂಚಿನ ಫೋನಿನಲ್ಲಿ ಒಂದೊಂದು ಸಾಲನ್ನೂ ಬೆರಳಲ್ಲಿ ಎಳೆದೆಳೆದು ಓದಬೇಕು, ಪರೀಕ್ಷೆ ಹೊತ್ತಿಗೆ ತಲೆನೋವು. ಟ್ಯಾಬ್ ಯಾಕೆ ಕೇಳಿದಳು ಅಂತ ಈಗ ಗೊತ್ತಾಯ್ತಲ್ಲ. ಅವಳು ಕೇಳಿದ್ದು ವಾರ್ಡಿಗಲ್ಲ, ಆ ಪಿಡಿಎಫ್ ಓದೋಕೆ. ಅಷ್ಟಕ್ಕೆ 18 ಸಾವಿರ ಯಾಕೆ? ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದರೆ ಆಯ್ತು.

ಕಂಪ್ಯೂಟರ್ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. 2021ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಬಿ.ಎಸ್ಸಿ. ನರ್ಸಿಂಗನ್ನು 8 ಸೆಮಿಸ್ಟರ್ ಮಾಡಿದಾಗ ಎರಡನೇ ಸೆಮಿಸ್ಟರಿಗೆ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಂತ ಒಂದು ವಿಷಯವನ್ನೇ ಸೇರಿಸಿತು. ಕೆಲಸಕ್ಕೆ ಸೇರಿದ ಮೇಲಂತೂ ತಪ್ಪಿದ್ದೇ ಅಲ್ಲ. ನನ್ನ ಗೆಳತಿ ಜಗಳೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿದ್ದಾಳೆ. ಗರ್ಭಿಣಿಯರ ಹೆಸರು, ಮಕ್ಕಳ ಲಸಿಕೆ, ಬಿಪಿ-ಶುಗರ್ ತಪಾಸಣೆ, 14 ಅಂಕಿಯ ಆಭಾ ನಂಬರ್ (ಆರೋಗ್ಯ ದಾಖಲೆಯ ಗುರುತಿನ ಸಂಖ್ಯೆ), ಎಲ್ಲಾ ಆನ್‌ಲೈನ್ ಹತ್ತಿಸಬೇಕು. ನೆಟ್‌ವರ್ಕ್ ಸಿಗಲ್ಲ ಅಂತ ಮತ್ತೆ ರಿಜಿಸ್ಟರ್‌ನಲ್ಲೂ ಬರೀಬೇಕು. "ಒಂದು ಸೂಜಿ ಚುಚ್ಚೋಕೆ ಎರಡು ನಿಮಿಷ, ಚುಚ್ಚಿದೆ ಅಂತ ಬರೆಯೋಕೆ ಇಪ್ಪತ್ತು ನಿಮಿಷ ಕಣೇ" ಅಂತಾಳೆ. ಇನ್ನೊಬ್ಬಳು ಐರ್ಲೆಂಡ್‌ನಲ್ಲಿದ್ದಾಳೆ. ಅವಳ ವಾರ್ಡಿನಲ್ಲಿ ಕೈಯಲ್ಲಿ ಹಿಡಿಯೋ ಸಾಧನದಿಂದ ರೋಗಿಯ ಕೈಪಟ್ಟಿ ಸ್ಕ್ಯಾನ್ ಮಾಡಿಯೇ ಮಾತ್ರೆ ಕೊಡಬೇಕಂತೆ. ಆದರೆ ಒಂದು ಗಮನಿಸಿ. ಆ ಸಾಧನ ಆಸ್ಪತ್ರೆಯದು. ಡ್ಯೂಟಿ ಮುಗಿದ ಮೇಲೆ ಅಲ್ಲೇ ಚಾರ್ಜಿಗೆ ಹಾಕಿ ಬರ್ತಾಳೆ. ಅವಳಪ್ಪ ಜೋಳ ಮಾರಿ ಕೊಡಿಸಿದ್ದಲ್ಲ.

ನನ್ನ ತಕರಾರು ಇರೋದು ಇಲ್ಲೇ. ವಾರ್ಡಿನಲ್ಲಿ ಕಲಿಯೋಕೆ ಸಾಧನ ಬೇಕು ಅಂತಾದರೆ ಕಾಲೇಜೋ ಆಸ್ಪತ್ರೆಯೋ ವಾರ್ಡಿಗೆ ಎರಡು ಟ್ಯಾಬ್ ಇಡಲಿ, ನಮ್ಮ ದೇಶದ ಔಷಧಿ ಹೆಸರು, ನಮ್ಮ ಸೆಟ್ಟಿನ ಲೆಕ್ಕ ಇರೋದನ್ನು ಹಾಕಿ ಇಡಲಿ. ಫೀಸಂತೂ ತಗೊಳ್ತಾರಲ್ಲ. ಪ್ರತಿ ಹುಡುಗಿಯೂ ಸ್ವಂತದ್ದು ತರಬೇಕು ಅಂದರೆ, ತಂದವಳು ಜಾಣೆ, ತರದವಳು ದಡ್ಡಿ ಅಂತ ಆಗಿಬಿಡುತ್ತೆ.

ಸ್ವಂತ ಫೋನಿನ ಇನ್ನೊಂದು ಅಪಾಯ ಇದೆ. ಒಂದು ಸಲ ಒಬ್ಬ ವಿದ್ಯಾರ್ಥಿನಿ ಕೇಸ್ ಶೀಟನ್ನೇ ಫೋಟೋ ಹೊಡೆದು ಗ್ರೂಪಿಗೆ ಹಾಕಿದ್ದಳು. ಕೇಸ್ ಸ್ಟಡಿ ಬರೆಯೋಕೆ, ಅಷ್ಟೇ, ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ರೋಗಿಯ ಹೆಸರು, ಊರು, ಎಚ್‌ಐವಿ ರಿಪೋರ್ಟ್ ಎಲ್ಲಾ ಅದರಲ್ಲಿ ಕಾಣುತ್ತಿತ್ತು. ಗ್ರೂಪಿನಲ್ಲಿ 60 ಜನ. ನನ್ನ ಕೈಕಾಲು ತಣ್ಣಗಾದವು. ಆ ಊರಿನ ಹುಡುಗಿಯೇ ಗ್ರೂಪಿನಲ್ಲಿ ಇದ್ದಿದ್ದರೆ? ಅಳಿಸಿದೆವು, ಎಲ್ಲರ ಫೋನಿನಿಂದಲೂ ಅಳಿಸಿ ಅಂತ ಕೂರಿಸಿ ಹೇಳಿದೆವು, ಆದರೂ ಎಷ್ಟು ಫೋನಿನ ಗ್ಯಾಲರಿಯಲ್ಲಿ ಉಳಿಯಿತೋ ದೇವರೇ ಬಲ್ಲ. ಹಳೇ ಪದ್ಧತಿಯಲ್ಲಿ ಕೈಯಲ್ಲಿ ಬರೆದುಕೊಳ್ಳುವಾಗ ಹೆಸರಿನ ಮೊದಲ ಅಕ್ಷರ ಮಾತ್ರ ಬರೆಯುತ್ತಿದ್ದೆವು. ಇನ್ನು ಆ ಫೋನ್ ಡ್ರೆಸ್ಸಿಂಗ್ ಟ್ರಾಲಿ ಮೇಲೆ ಇದ್ದು, ಜೇಬಿಗೆ ಹೋಗಿ, ಅಲ್ಲಿಂದ ಕ್ಯಾಂಟೀನಿನ ಮಂಡಕ್ಕಿ ಮಿರ್ಚಿ ತಟ್ಟೆ ಪಕ್ಕ ಬಂದು ಕೂರುತ್ತಲ್ಲ, ಅದನ್ನಂತೂ ನೋಡೋಕಾಗಲ್ಲ. ಕೈ ತೊಳೆಯೋದನ್ನು ಇಷ್ಟು ಹೇಳಿಕೊಡ್ತೀವಿ, ತೊಳೆದ ಕೈಯಲ್ಲಿ ಮೊದಲು ಮುಟ್ಟೋದೇ ಫೋನು.

ಮತ್ತೆ ಯಾವ ಸಾಧನವೂ ಹೇಳಿಕೊಡದ ಒಂದು ವಿಷಯ ಇದೆ. ನಮ್ಮ ಕಡೆಯ ಅಜ್ಜಿಯರು "ಎದಿ ನೋವು" ಅನ್ನಲ್ಲ. "ಯವ್ವಾ, ಜೀವ ಹಿಂಡಿದಂಗ ಆಗ್ತೈತಿ" ಅಂತಾರೆ. ಹೊಟ್ಟೆ ಕಡೆ ಕೈ ತೋರಿಸ್ತಾರೆ. ಅದು ಗ್ಯಾಸ್ಟ್ರಿಕ್ಕೋ ಹೃದಯವೋ? ಪಕ್ಕದಲ್ಲಿ ಕೂತು, ಬೆವರು ನೋಡಿ, ನಾಡಿ ಹಿಡಿದು, ಬೇಗ ಇಸಿಜಿ ತೆಗೆಸಬೇಕು. ಆ ನಾಡಿ ಹಿಡಿದ ಒಂದು ನಿಮಿಷದಲ್ಲಿ ಅಜ್ಜಿ ಇನ್ನೂ ನಾಲ್ಕು ಮಾತು ಹೇಳಿರ್ತಾಳೆ, ಕಣ್ಣು ಸ್ಕ್ರೀನಿನ ಮೇಲಿದ್ದರೆ ಅವು ಕಿವಿಗೆ ಬೀಳಲ್ಲ.

ಸಂಜೆ ಭಾವನಿಗೆ ಫೋನ್ ಮಾಡಿದೆ. ಟ್ಯಾಬ್ ಬೇಡ ಭಾವ, ಇರೋ ಫೋನ್ ಸಾಕು, ಸೆಕೆಂಡ್ ಮುಳ್ಳಿರೋ ಒಂದು ವಾಚ್ ಬೇಕು, ಅದನ್ನು ನಾನೇ ಕೊಡಿಸ್ತೀನಿ ಅಂದೆ. ಆ ಕಡೆ ಹುಡುಗಿಗೂ ಹೇಳಿದೆ. "ಚಿಕ್ಕಮ್ಮ, ನೀವು ಅಪ್ಪನ ಪಾರ್ಟಿ" ಅಂತ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಮನೆಗೆ ಬಂದಳು, ಚಪಾತಿ ತಿನ್ನುತ್ತಾ 140 ಪುಟ ಪ್ರಿಂಟ್ ಹಾಕಿಸಲು ದುಡ್ಡು ಇಸ್ಕೊಂಡಳು. ವಾಚ್ ಅಶೋಕ ರಸ್ತೆಯಲ್ಲಿ ಸಿಕ್ಕಿತು, ಬಿಳಿ ಡಯಲ್, ದೊಡ್ಡ ಅಂಕಿ. ಅವಳಿಗೆ ಅದರ ಬೆಲ್ಟ್ ಹಿಡಿಸಿಲ್ಲ.

ಮೂರನೇ ವರ್ಷಕ್ಕೆ ಟ್ಯಾಬ್ ಬೇಕೇ ಬೇಕು ಅಂತ ಈಗಲೇ ಹೇಳಿಟ್ಟಿದ್ದಾಳೆ. ನೋಡೋಣ ಅಂದಿದ್ದಾರೆ ಭಾವ. ಈ ಸಲ ಜೋಳಕ್ಕೆ ಮತ್ತೆ ಸೈನಿಕ ಹುಳ ಬಿದ್ದಿದೆಯಂತೆ.