ಹೆಚ್‌ಬಿ ಸಂಖ್ಯೆ ಹೇಳದೆ ಬಿಡುವ ಸಂಗತಿ

ಬಳ್ಳಾರಿಯ ನಮ್ಮ ಲ್ಯಾಬಿನ ಕಿಟಕಿಯಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ. "ಮೇಡಂ, ರಕ್ತ ಎಷ್ಟೈತ್ರಿ?" ಕೇಳುವವರಿಗೆ ಬೇಕಾಗಿರುವುದು ಹೆಚ್‌ಬಿ, ಅಂದರೆ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ರಕ್ತದಲ್ಲಿ ಎಷ್ಟಿದೆ ಅನ್ನುವುದು. ಎಂಟು, ಹನ್ನೊಂದು, ಹದಿನಾಲ್ಕು ಅಂತ ಒಂದು ಸಂಖ್ಯೆ. ನಾನು ಲ್ಯಾಬ್ ಟೆಕ್ನಾಲಜಿಸ್ಟ್. ಆ ಸಂಖ್ಯೆ ಬರೆದುಕೊಡುವುದು ನನ್ನ ಕೆಲಸದ ದೊಡ್ಡ ಪಾಲು. ಟ್ರೇನಿಂಗಿಗೆ ಬರುವ ಹುಡುಗ ಹುಡುಗಿಯರಿಗೂ ಅದನ್ನೇ ಮೊದಲು ಕಲಿಸುತ್ತೇನೆ. ಕಲಿಸುವಾಗ ಒಂದು ಮಾತು ಒತ್ತಿ ಹೇಳುತ್ತೇನೆ. ಹೆಚ್‌ಬಿ ಪರೀಕ್ಷೆ ರಕ್ತದಲ್ಲಿ ಹೀಮ್, ಅಂದರೆ ಹಿಮೋಗ್ಲೋಬಿನ್‌ನ ಕಬ್ಬಿಣ ಹಿಡಿದ ಭಾಗ, ಎಷ್ಟಿದೆ ಅಂತ ತಿಳಿಸುತ್ತದೆ. ಆ ಹೀಮ್‌ನೊಳಗಿನ ಕಬ್ಬಿಣ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಸುವುದಿಲ್ಲ. ತಿಳಿಸದಿರಲಿ ಅಂತಲೇ ಆ ಪರೀಕ್ಷೆಯನ್ನು ಕಟ್ಟಿದ್ದಾರೆ.

ಹೆಚ್‌ಬಿ ಅಳೆಯಲು ಬಳಸುವ ಡ್ರಾಬ್ಕಿನ್ ದ್ರಾವಣ ನೋಡಿದವರಿಗೆ ಗೊತ್ತು, ತಿಳಿ ಹಳದಿ ಬಣ್ಣ. 5 ಮಿಲಿ ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಹಾಕುತ್ತೇವೆ. ದ್ರಾವಣದಲ್ಲಿರುವ ಪೊಟ್ಯಾಸಿಯಂ ಫೆರಿಸಯನೈಡ್ ಹೀಮ್‌ನ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಫೆರಸ್ ಕಬ್ಬಿಣ ಫೆರಿಕ್ ಆಗುತ್ತದೆ. ಆಮೇಲೆ ಸಯನೈಡ್ ಬಂದು ಆ ಫೆರಿಕ್ ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ. ಈಗ ಬಂದದ್ದು ಸಯನ್‌ಮೆಟ್‌ಹಿಮೋಗ್ಲೋಬಿನ್. ಅದನ್ನು 540 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತೇವೆ. ಆಕ್ಸಿಜನ್ ಹೊತ್ತಿದ್ದ ಹೀಮ್, ಖಾಲಿ ಇದ್ದ ಹೀಮ್, ಕಾರ್ಬನ್ ಮೊನಾಕ್ಸೈಡ್ ಕಚ್ಚಿಕೊಂಡಿದ್ದ ಹೀಮ್, ಮೊದಲೇ ಫೆರಿಕ್ ಆಗಿ ಕೆಟ್ಟಿದ್ದ ಹೀಮ್, ಎಲ್ಲವೂ ಒಂದೇ ರೂಪಕ್ಕೆ ಬಂದುಬಿಡುತ್ತವೆ. ಗಂಧಕ ಸೇರಿ ಕೆಟ್ಟ ಸಲ್ಫ್‌ಹಿಮೋಗ್ಲೋಬಿನ್ ಮಾತ್ರ ಹೊರಗುಳಿಯುತ್ತದೆ. ಒಟ್ಟು ಎಣಿಕೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈಗಿನ ಎಷ್ಟೋ ಸೆಲ್ ಕೌಂಟರ್‌ಗಳು ಸಯನೈಡ್ ಬಿಟ್ಟು ಬೇರೆ ರಾಸಾಯನಿಕ ಬಳಸುತ್ತವೆ. ಆದರೂ ಎಲ್ಲ ಹೀಮನ್ನೂ ಒಂದೇ ರೂಪಕ್ಕೆ ತಂದು ಓದುವ ಉಪಾಯ ಅದೇ.

ಹಾಗಾಗಿ ಹೆಚ್‌ಬಿ 14 ಬಂದರೂ ಆ 14ರಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುವ ಸ್ಥಿತಿಯಲ್ಲಿತ್ತು ಅನ್ನುವ ಸುದ್ದಿ, ಬೆಳಕಿಗೆ ಹಿಡಿಯುವ ಸಣ್ಣ ಪಾತ್ರೆಯಾದ ಕ್ಯುವೆಟ್‌ನಲ್ಲೇ ಅಳಿಸಿಹೋಗಿರುತ್ತದೆ. ನಮ್ಮ ಊರಿನ ಸುತ್ತಮುತ್ತ ಈ ಮಾತಿಗೆ ಬಹಳ ಬೆಲೆ ಇದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಹೀಮ್ ಹೇಗಿದೆ ಅಂತ ನೋಡೋಣ.

ಹೀಮ್ ಅಂದರೆ ಕಬ್ಬಿಣ ಕೂತಿರುವ ಪೊರ್ಫಿರಿನ್. ಪಿರೋಲ್ ಅನ್ನುವ ನಾಲ್ಕು ಸಣ್ಣ ಉಂಗುರಗಳು, ಅವನ್ನು ಸೇರಿಸುವ ನಾಲ್ಕು ಕಾರ್ಬನ್ ಕೊಂಡಿಗಳು, ಒಟ್ಟು ಒಂದು ದೊಡ್ಡ ಚಪ್ಪಟೆ ಉಂಗುರ. ನಾಲ್ಕು ನೈಟ್ರೋಜನ್‌ಗಳು ಒಳಗೆ ಮುಖ ಮಾಡಿ ನಡುವೆ ಕಬ್ಬಿಣವನ್ನು ಹಿಡಿದಿವೆ. ಹ್ಯಾನ್ಸ್ ಫಿಷರ್ 1929ರಲ್ಲಿ ಹೀಮ್‌ನ ಫೆರಿಕ್ ರೂಪವಾದ ಹೀಮಿನ್ ಅನ್ನು ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದರು. ಮರುವರ್ಷ ಅವರಿಗೆ ನೊಬೆಲ್ ಬಂತು. ಹಿಮೋಗ್ಲೋಬಿನ್ ಒಳಗೆ ಕಬ್ಬಿಣದ ಐದನೇ ಕೈಯನ್ನು ಪ್ರೋಟೀನಿನ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಹಿಡಿದಿರುತ್ತದೆ. ಆರನೇ ಜಾಗ ಖಾಲಿ. ಆಕ್ಸಿಜನ್ ಬಂದು ಕೂರುವುದು ಅಲ್ಲಿಗೆ. ಕಾರ್ಬನ್ ಮೊನಾಕ್ಸೈಡ್ ಬಂದು ಕೂರುವುದೂ ಅಲ್ಲಿಗೇ.

ಟ್ರೇನಿಂಗಿನ ಮಕ್ಕಳು ಸಾಮಾನ್ಯವಾಗಿ ಒಂದು ತಪ್ಪು ಕಲ್ಪನೆ ಇಟ್ಟುಕೊಂಡು ಬರುತ್ತಾರೆ. ಸಂಡೂರಿನ ಅದಿರು ಕೆಂಪು, ಅದರಲ್ಲಿ ಕಬ್ಬಿಣ ಇದೆ. ರಕ್ತ ಕೆಂಪು, ಅದರಲ್ಲೂ ಕಬ್ಬಿಣ ಇದೆ. ಹಾಗಾದರೆ ಎರಡೂ ಒಂದೇ ಕೆಂಪು ಅಲ್ವಾ? ಅಲ್ಲ. ಅದಿರಿನ ಕೆಂಪು ಕಬ್ಬಿಣದ ಆಕ್ಸೈಡಿನದು. ರಕ್ತದ ಬಣ್ಣ ಮುಖ್ಯವಾಗಿ ಪೊರ್ಫಿರಿನ್ ಉಂಗುರದ ಎಲೆಕ್ಟ್ರಾನ್‌ಗಳದು. ಅವು ಉಂಗುರದ ತುಂಬ ಹರಡಿಕೊಂಡಿವೆ. 400 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕನ್ನು ತುಂಬಾ ಜೋರಾಗಿ ಹೀರುತ್ತವೆ. 1883ರಲ್ಲಿ ಇದನ್ನು ಗುರುತಿಸಿದ ಸೊರೆಟ್ ಹೆಸರಿನಲ್ಲೇ ಬೆಳಕು ಹೀರುವ ಆ ಪಟ್ಟಿಯನ್ನು ಸೊರೆಟ್ ಬ್ಯಾಂಡ್ ಅನ್ನುತ್ತಾರೆ. 500ರಿಂದ 600ರ ನಡುವೆ ಇನ್ನೂ ಕೆಲವು ಸಣ್ಣ ಬ್ಯಾಂಡ್‌ಗಳಿವೆ. ಸುಮಾರು ಇದೇ ಬಗೆಯ ಉಂಗುರದಲ್ಲಿ ಮೆಗ್ನೀಸಿಯಂ ಕೂತರೆ ಎಲೆಯ ಹಸಿರು. ಮೈಯಲ್ಲಿ ಕಬ್ಬಿಣ ಸಾಲದೆ ಹೋದಾಗ ಇದೇ ಉಂಗುರಕ್ಕೆ ಸತು ಹೋಗಿ ಸೇರುತ್ತದೆ. ಕಬ್ಬಿಣದ ಕೊರತೆಯಲ್ಲಿ, ಸೀಸದ ವಿಷದಲ್ಲಿ ಜಿಂಕ್ ಪ್ರೋಟೋಪೊರ್ಫಿರಿನ್ ಏರುವುದು ಹೀಗೆ.

ಹಾಗಂತ ಬಣ್ಣದಲ್ಲಿ ಕಬ್ಬಿಣದ ಪಾತ್ರ ಇಲ್ಲ ಅಂತಲ್ಲ. ಅದರ ಎಲೆಕ್ಟ್ರಾನ್‌ಗಳ ಜೋಡಣೆ ಬದಲಾದರೆ ಉಂಗುರದ ಬ್ಯಾಂಡ್‌ಗಳೂ ಜಾಗ ಬದಲಿಸುತ್ತವೆ. ಆಕ್ಸಿಜನ್ ಇದ್ದಾಗ 541 ಮತ್ತು 577ರಲ್ಲಿ ಎರಡು ಶಿಖರ. ಆಕ್ಸಿಜನ್ ಹೋದರೆ ಎರಡೂ ಮಾಯವಾಗಿ 555ರಲ್ಲಿ ಒಂದೇ ಅಗಲವಾದ ಶಿಖರ. ಫೆರಿಕ್ ಆದರೆ 630ರ ಹತ್ತಿರ ಹೊಸದೊಂದು ಏಳುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕೆಲಸದಲ್ಲಿ ಬಣ್ಣ ನೋಡುವುದು ಅಂದರೆ ಕಬ್ಬಿಣದ ಎಲೆಕ್ಟ್ರಾನ್ ನೋಡುವುದೇ.

1936ರಲ್ಲಿ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ಹಿಮೋಗ್ಲೋಬಿನ್ ಅನ್ನು ಆಯಸ್ಕಾಂತದ ಹತ್ತಿರ ಇಟ್ಟು ಅಳೆದರು. ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ ಆಯಸ್ಕಾಂತದ ಕಡೆ ಸೆಳೆತ ತೋರಿಸಿತು. ಪ್ರತಿ ಕಬ್ಬಿಣದಲ್ಲೂ ಜೋಡಿಯಿಲ್ಲದ ನಾಲ್ಕು ಎಲೆಕ್ಟ್ರಾನ್ ಇವೆ ಅಂತ ಗೊತ್ತಾಯಿತು. ಆಕ್ಸಿಜನ್ ಸೇರಿದಾಗ ಆ ಸೆಳೆತ ಇಲ್ಲ. ಕಾರ್ಬನ್ ಮೊನಾಕ್ಸೈಡ್ ಸೇರಿದಾಗಲೂ ಇಲ್ಲ. ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿಬಿಟ್ಟಿದ್ದವು. ಮೊದಲ ಸ್ಥಿತಿಗೆ ಹೈ ಸ್ಪಿನ್ ಅನ್ನುತ್ತಾರೆ, ಎರಡನೆಯದಕ್ಕೆ ಲೋ ಸ್ಪಿನ್. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಫಂಕ್ಷನಲ್ ಎಂಆರ್‌ಐ ನಿಂತಿರುವುದೂ ಈ ಆಯಸ್ಕಾಂತದ ವ್ಯತ್ಯಾಸದ ಮೇಲೆಯೇ.

ಸ್ಪಿನ್ ಬದಲಾದರೆ ಕಬ್ಬಿಣದ ಗಾತ್ರವೂ ಬದಲಾಗುತ್ತದೆ. ಇದು ನನಗೆ ಬಹಳ ಇಷ್ಟವಾದ ಭಾಗ. ಹೈ ಸ್ಪಿನ್ ಕಬ್ಬಿಣ ದಪ್ಪ. ಉಂಗುರದ ನಡುವಿನ ಜಾಗ ಅದಕ್ಕೆ ಸಾಲದು. ಹಾಗಾಗಿ ಸುಮಾರು 0.4 ಆಂಗ್‌ಸ್ಟ್ರಾಮ್‌ನಷ್ಟು ಹೊರಗೆ, ಹಿಸ್ಟಿಡಿನ್ ಕಡೆಗೆ ಕೂತಿರುತ್ತದೆ. ಉಂಗುರ ಕಾವಲಿಯ ಮೇಲಿನ ಜೋಳದ ರೊಟ್ಟಿಯ ಹಾಗೆ ನಡುವೆ ಸ್ವಲ್ಪ ಉಬ್ಬಿರುತ್ತದೆ. ಆಕ್ಸಿಜನ್ ಬಂದಾಗ ಕಬ್ಬಿಣ ಲೋ ಸ್ಪಿನ್ ಆಗಿ ಸಣ್ಣದಾಗುತ್ತದೆ, ಉಂಗುರದ ಸಮಕ್ಕೆ ಇಳಿಯುತ್ತದೆ. ಇಳಿಯುವಾಗ ಹಿಸ್ಟಿಡಿನ್ ಅನ್ನೂ ಜೊತೆಗೆ ಎಳೆಯುತ್ತದೆ. ಆ ಎಳೆತ ಪ್ರೋಟೀನಿನ ಉಳಿದ ಭಾಗಕ್ಕೆ ಮುಟ್ಟಿ, ಪಕ್ಕದ ಹೀಮ್‌ಗಳಿಗೆ ಆಕ್ಸಿಜನ್ ಹಿಡಿಯುವುದು ಸುಲಭವಾಗುತ್ತದೆ. ಮ್ಯಾಕ್ಸ್ ಪೆರುಟ್ಜ್ 1970ರಲ್ಲಿ ಇದನ್ನು ವಿವರಿಸಿದರು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಅದರಲ್ಲೂ ಅರ್ಧಕ್ಕಿಂತ ಕಡಿಮೆ ಚಲನೆಯ ಮೇಲೆ ನಮ್ಮೆಲ್ಲರ ಉಸಿರು ನಡೆಯುತ್ತಿದೆ.

ಆಕ್ಸಿಜನ್ ಕೂತಾಗ ಎಲೆಕ್ಟ್ರಾನ್ ಯಾರ ಹತ್ತಿರ ಇರುತ್ತದೆ ಅನ್ನುವುದರ ಮೇಲೆ ದೊಡ್ಡ ಚರ್ಚೆಯೇ ನಡೆದಿದೆ. ಕಬ್ಬಿಣ ಫೆರಸ್ ಆಗಿಯೇ ಉಳಿಯುತ್ತದೆ ಅಂದರು ಪೌಲಿಂಗ್. 1964ರಲ್ಲಿ ಜೋಸೆಫ್ ವೈಸ್ ಬೇರೆ ಚಿತ್ರ ಕೊಟ್ಟರು. ಕಬ್ಬಿಣ ಒಂದು ಎಲೆಕ್ಟ್ರಾನನ್ನು ಆಕ್ಸಿಜನ್ ಕಡೆ ಸರಿಸುತ್ತದೆ, ತಾನು ಫೆರಿಕ್‌ನಂತಾಗುತ್ತದೆ, ಆಕ್ಸಿಜನ್ ಸೂಪರ್‌ಆಕ್ಸೈಡ್‌ನಂತಾಗುತ್ತದೆ ಅಂದರು. ಆಕ್ಸಿಜನ್ ಬಂಧದ ಕಂಪನ ಅಳೆದಾಗ ಸಿಕ್ಕಿದ ಬೆಲೆ ಸೂಪರ್‌ಆಕ್ಸೈಡ್‌ಗೆ ಹತ್ತಿರ ಇದೆ. ಲ್ಯಾಬಿನವಳಾಗಿ ನನಗೂ ವೈಸ್ ಚಿತ್ರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದು ಎರಡು ಸಂಗತಿಗಳನ್ನು ಬಿಡಿಸುತ್ತದೆ.

ಮೊದಲನೆಯದು, ಹಳೆಯ ಸ್ಯಾಂಪಲ್ ಯಾಕೆ ಕಂದಾಗುತ್ತದೆ ಅನ್ನುವುದು. ಆಕ್ಸಿಜನ್ ಆಗಾಗ ಆ ಎಲೆಕ್ಟ್ರಾನನ್ನು ಹೊತ್ತುಕೊಂಡೇ ಹೊರಟುಬಿಡುತ್ತದೆ. ಹಿಂದೆ ಫೆರಿಕ್ ಕಬ್ಬಿಣ ಉಳಿಯುತ್ತದೆ, ಅದೇ ಮೆಟ್‌ಹಿಮೋಗ್ಲೋಬಿನ್. ಮೈಯಲ್ಲಿ ಕೆಂಪು ರಕ್ತಕಣದ ಕಿಣ್ವಗಳು ಅದನ್ನು ಮತ್ತೆ ಫೆರಸ್ ಮಾಡುತ್ತಲೇ ಇರುತ್ತವೆ. ಆರೋಗ್ಯವಂತರಲ್ಲಿ ಅದು ಸುಮಾರು ಶೇಕಡ 1ರ ಒಳಗೇ ನಿಲ್ಲುತ್ತದೆ. ಬೆಂಚಿನ ಮೇಲೆ ಮರೆತ ಟ್ಯೂಬಿನಲ್ಲಿ ಆ ರಿಪೇರಿ ನಿಧಾನವಾಗಿ ನಿಂತುಹೋಗುತ್ತದೆ.

ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಪ್ರೋಟೀನ್ ಇಲ್ಲದ ಬರೀ ಹೀಮ್ ಆಕ್ಸಿಜನ್‌ಗಿಂತ ಅದನ್ನು ಸುಮಾರು 20,000 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಹಿಮೋಗ್ಲೋಬಿನ್ ಒಳಗೆ ಇದು 200ರಿಂದ 250 ಪಟ್ಟಿಗೆ ಇಳಿಯುತ್ತದೆ. ಆಕ್ಸಿಜನ್ ಮೇಲೆ ಋಣ ವಿದ್ಯುತ್ ಸೇರಿರುವುದರಿಂದ ಎದುರಿಗಿರುವ ಇನ್ನೊಂದು ಹಿಸ್ಟಿಡಿನ್ ಅದಕ್ಕೆ ಹೈಡ್ರೋಜನ್ ಬಂಧದ ಆಸರೆ ಕೊಡುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಆ ಆಸರೆ ಅಷ್ಟು ಸಿಗುವುದಿಲ್ಲ. ಹಳೆಯ ಹೀಮ್ ಒಡೆಯುವಾಗ ನಮ್ಮ ಮೈಯೇ ಸ್ವಲ್ಪ ಕಾರ್ಬನ್ ಮೊನಾಕ್ಸೈಡ್ ತಯಾರಿಸುತ್ತದೆ. ಈ ಆಸರೆ ಇಲ್ಲದಿದ್ದರೆ ನಮ್ಮದೇ ಅನಿಲ ನಮಗೆ ಮುಳುವಾಗುತ್ತಿತ್ತು. ಆದರೆ 200 ಪಟ್ಟು ಕೂಡ ಕಡಿಮೆಯೇನಲ್ಲ. ಹೊರಗಿನ ಗಾಳಿಯಲ್ಲಿ ಅದು ಹೆಚ್ಚಾದರೆ ಕಬ್ಬಿಣ ಅದರ ಪಾಲಾಗುತ್ತದೆ.

ಬಳ್ಳಾರಿ, ಕೊಪ್ಪಳದ ಕಡೆ ಸ್ಪಾಂಜ್ ಐರನ್ ಫ್ಯಾಕ್ಟರಿಗಳಿವೆ. ದೊಡ್ಡ ಉಕ್ಕಿನ ಕಾರ್ಖಾನೆಗಳ ಬ್ಲಾಸ್ಟ್ ಫರ್ನೇಸ್‌ಗಳಿವೆ. ಅದಿರಿನಿಂದ ಆಕ್ಸಿಜನ್ ಬಿಡಿಸಿ ಕಬ್ಬಿಣ ಮಾಡುವ ಕೆಲಸವನ್ನು ಅಲ್ಲಿ ಮುಖ್ಯವಾಗಿ ಮಾಡುವುದೇ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಿದರೂ ಇದೇ ಅನಿಲ ತುಂಬುತ್ತದೆ.

ಅಂಥ ಒಂದು ಘಟಕದಲ್ಲಿ ರಾತ್ರಿ ಪಾಳಿ ಮುಗಿಸಿದ ಒಬ್ಬ ಹುಡುಗನನ್ನು ಅವನ ಅಣ್ಣ ಕರೆತಂದಿದ್ದ. ತಲೆನೋವು, ವಾಂತಿ, ಮಂಪರು. "ಏನೋ ತಿಂದಾನ್ರಿ, ಹೊಟ್ಟಿ ಕೆಟ್ಟೈತಿ" ಅಂತ ಅಣ್ಣ ಹೇಳುತ್ತಿದ್ದ. ಬೆರಳಿನ ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಹೆಚ್‌ಬಿ ಚೆನ್ನಾಗಿತ್ತು. ಎರಡೂ ಸಂಖ್ಯೆ ನೋಡಿದರೆ ಏನೂ ತೊಂದರೆ ಇಲ್ಲ. ಆದರೆ ಟ್ಯೂಬಿನಲ್ಲಿದ್ದ ರಕ್ತ ಸಿರೆಯಿಂದ ತೆಗೆದದ್ದು. ಅದು ಕಪ್ಪಗೆಂಪು ಇರಬೇಕಿತ್ತು, ಚೆರ್ರಿ ಹಣ್ಣಿನ ಕೆಂಪು ಇತ್ತು. ನಾನು ತಕ್ಷಣ ಡಾಕ್ಟರಿಗೆ ಫೋನ್ ಮಾಡಿ, "ಸರ್, ರಕ್ತದ ಬಣ್ಣ ಸರಿ ಇಲ್ಲ, ಅವನು ಎಲ್ಲಿ ಕೆಲಸ ಮಾಡ್ತಾನೆ ಕೇಳಿ" ಅಂದೆ. ಅವರು ಕೇಳಿದರು, ಕೂಡಲೇ ಆಕ್ಸಿಜನ್ ಮಾಸ್ಕ್ ಹಾಕಿಸಿದರು.

ಈ ಕಡೆ ನಾನು ಸೋಡಿಯಂ ಹೈಡ್ರಾಕ್ಸೈಡ್ ಪರೀಕ್ಷೆ ಮಾಡಿದೆ. ಹಳೆಯದು, ಹೊಪ್ಪೆ ಸೈಲರ್ ಹೆಸರಿನದು. ರಕ್ತವನ್ನು ನೀರಿನಲ್ಲಿ ತೆಳು ಮಾಡಿ ಕ್ಷಾರ ಹಾಕಬೇಕು. ಮಾಮೂಲಿ ರಕ್ತದಲ್ಲಿ ಪ್ರೋಟೀನ್ ಬಿಚ್ಚಿಕೊಂಡು ಕಬ್ಬಿಣ ಫೆರಿಕ್ ಆಗಿ, ಹಸಿರು ಮಿಶ್ರಿತ ಕಂದು ಬಣ್ಣ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತ ಸ್ವಲ್ಪ ಹೊತ್ತು ಕೆಂಪಾಗಿಯೇ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಬ್ಬರ ರಕ್ತ ಇಟ್ಟು ಹೋಲಿಸಿದೆ. ನಮ್ಮ ಹುಡುಗನದು ಕೆಂಪಾಗಿಯೇ ಇತ್ತು. ಆಮೇಲೆ ಹೀಮ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಕೋ-ಆಕ್ಸಿಮೀಟರ್ ಇರುವ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಖಚಿತವಾಯಿತು. ಹುಡುಗ ಗುಣವಾದ. ಈ ಪರೀಕ್ಷೆಗೆ ಮಿತಿ ಇದೆ, ಅದನ್ನು ಮರೆಯಬಾರದು. ಕಾರ್ಬನ್ ಮೊನಾಕ್ಸೈಡ್ ಕಡಿಮೆ ಇದ್ದಾಗ ಇದು ಹಿಡಿಯುವುದಿಲ್ಲ. ಹಸುಗೂಸಿನ ರಕ್ತ ಕ್ಷಾರವನ್ನು ತಡೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಸುಳ್ಳು ಫಲಿತಾಂಶ ಬರುತ್ತದೆ.

ಪಲ್ಸ್ ಆಕ್ಸಿಮೀಟರ್ 98 ತೋರಿಸಿದ್ದು ಯಾಕೆ? ಅದು ಎರಡೇ ಬೆಳಕು ಬಳಸುತ್ತದೆ, 660 ಮತ್ತು 940 ನ್ಯಾನೋಮೀಟರ್. 660ರಲ್ಲಿ ಆಕ್ಸಿಜನ್ ಹೊತ್ತ ಹೀಮ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹೊತ್ತ ಹೀಮ್ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಎರಡೂ ಲೋ ಸ್ಪಿನ್, ಎರಡೂ ಕೆಂಪು. ಎರಡು ಬೆಳಕಿನಲ್ಲಿ ಮೂರು ನಾಲ್ಕು ಬಗೆಯ ಹೀಮ್ ಬೇರ್ಪಡಿಸಲು ಆಗುವುದಿಲ್ಲ. ಕೋ-ಆಕ್ಸಿಮೀಟರ್ ಹೆಚ್ಚು ತರಂಗಾಂತರಗಳಲ್ಲಿ ನೋಡುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತದೆ. ಮೆಟ್‌ಹಿಮೋಗ್ಲೋಬಿನ್ ಹೆಚ್ಚಿದ್ದಾಗ ಪಲ್ಸ್ ಆಕ್ಸಿಮೀಟರ್ 85ರ ಹತ್ತಿರ ಹೋಗಿ ನಿಲ್ಲುತ್ತದೆ, ಆಕ್ಸಿಜನ್ ಎಷ್ಟು ಕೊಟ್ಟರೂ ಜಾಸ್ತಿ ಏರುವುದಿಲ್ಲ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಔಷಧ ತೆಗೆದುಕೊಳ್ಳುವವರಲ್ಲಿ, ನೈಟ್ರೈಟ್ ಅಥವಾ ಅನಿಲಿನ್ ರಾಸಾಯನಿಕ ಮೈಗೆ ಸೇರಿದವರಲ್ಲಿ ಇದನ್ನು ನೆನೆಯಬೇಕು. ಒಂದು ಹನಿ ರಕ್ತವನ್ನು ಬಿಳಿ ಫಿಲ್ಟರ್ ಪೇಪರ್ ಮೇಲೆ ಹಾಕಿ ನೋಡಿ. ಮಾಮೂಲಿ ಕಪ್ಪು ರಕ್ತ ಗಾಳಿಗೆ ಕೆಂಪಾಗುತ್ತದೆ, ಮೆಟ್ ರಕ್ತ ಚಾಕೊಲೇಟ್ ಬಣ್ಣದಲ್ಲೇ ಉಳಿಯುತ್ತದೆ. ಇದಕ್ಕೆ ಕೊಡುವ ಔಷಧ ಮೆಥಿಲೀನ್ ಬ್ಲೂ. ಕೆಂಪು ರಕ್ತಕಣದ ಕಿಣ್ವವಾದ ಜಿ6ಪಿಡಿ ಕೊರತೆ ಇದ್ದವರಿಗೆ ಅದೇ ಅಪಾಯ, ಹಾಗಾಗಿ ಜಿ6ಪಿಡಿ ಪರೀಕ್ಷೆ ಕೇಳಿ ಬಂದಾಗ ತಡ ಮಾಡಬಾರದು.

ಡ್ರಾಬ್ಕಿನ್ ಬಾಟಲಿ ಮುಟ್ಟುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಫೆರಿಕ್ ಹೀಮ್ ಕಂಡರೆ ಸಯನೈಡ್ ಬಿಡುವುದಿಲ್ಲ ಅಂತ ಮೇಲೆ ಹೇಳಿದೆ. ಜೀವಕೋಶದಲ್ಲಿ ಆಕ್ಸಿಜನ್ ಬಳಸುವ ಕಿಣ್ವವಾದ ಸೈಟೋಕ್ರೋಮ್ ಆಕ್ಸಿಡೇಸ್‌ನಲ್ಲೂ ಹೀಮ್ ಇದೆ. ಸಯನೈಡ್ ಕೊಲ್ಲುವುದು ಅದನ್ನು ಹಿಡಿದು. ರಾಯಚೂರಿನ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ತೆಗೆಯುವುದಕ್ಕೂ ಸಯನೈಡ್ ಬೇಕು. ವಿಷ ಏರಿದಾಗ ನೈಟ್ರೈಟ್ ಕೊಡುವ ಹಳೆಯ ಚಿಕಿತ್ಸೆಯ ಲೆಕ್ಕವೂ ಇದೇ. ಬೇಕೆಂದೇ ಸ್ವಲ್ಪ ಮೆಟ್‌ಹಿಮೋಗ್ಲೋಬಿನ್ ಮಾಡಿ, ಸಯನೈಡ್ ಆ ಕಡೆ ಹೋಗುವಂತೆ ನೋಡಿಕೊಳ್ಳುವುದು. ಡ್ರಾಬ್ಕಿನ್‌ನಲ್ಲಿ ಸಯನೈಡ್ ಬಹಳ ತೆಳು. ಆದರೂ ಬಾಯಲ್ಲಿ ಪಿಪೆಟ್ ಎಳೆಯಬೇಡಿ. ಅದರ ತ್ಯಾಜ್ಯಕ್ಕೆ ಆಸಿಡ್ ತಾಗಿಸಬೇಡಿ, ವಿಷದ ಗಾಳಿ ಏಳುತ್ತದೆ. ಬಾಟಲಿ ಕಂದು ಗಾಜಿನದಿರಲಿ, ಫ್ರೀಜ್ ಆಗಬಾರದು. ಬೀಡಿ ಸಿಗರೇಟ್ ಸೇದುವವರ ರಕ್ತಕ್ಕೆ, ಕುಲುಮೆ ಹತ್ತಿರ ಕೆಲಸ ಮಾಡುವವರ ರಕ್ತಕ್ಕೆ ಅರ್ಧ ಗಂಟೆ ಕಾಯಿರಿ. ಕಾರ್ಬನ್ ಮೊನಾಕ್ಸೈಡ್ ಕಬ್ಬಿಣವನ್ನು ಬೇಗ ಬಿಟ್ಟುಕೊಡುವುದಿಲ್ಲ. ಆತುರಪಟ್ಟು ಓದಿದರೆ ಹೆಚ್‌ಬಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ.

ಈಗ ನಮ್ಮ ರಿಜಿಸ್ಟರಿನಲ್ಲಿ ಎರಡು ಕಾಲಂ ಸೇರಿಸಿದ್ದೇವೆ: ಸ್ಯಾಂಪಲಿನ ಬಣ್ಣ, ರೋಗಿಯ ಕೆಲಸ. ಕಾರ್ಬನ್ ಮೊನಾಕ್ಸೈಡ್ ಅನುಮಾನ ಬಂದರೆ ಸಿರೆಯ ರಕ್ತವೇ ಸಾಕು, ಅಪಧಮನಿಗೆ ಸೂಜಿ ಹಾಕಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅಥವಾ ಇಡಿಟಿಎ ಟ್ಯೂಬನ್ನು ತುಂಬ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ತೆಗೆದ ಸಮಯ ಬರೆದು ಕಳಿಸಿ. ಆಕ್ಸಿಜನ್ ಹಾಕಿದ ಸಮಯವನ್ನೂ ಬರೆಯಿರಿ. ಬರೀ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಪೂರ್ತಿ ಆಕ್ಸಿಜನ್‌ನಲ್ಲಿ ಒಂದು, ಒಂದೂವರೆ ಗಂಟೆ ಸಾಕು. ಮಾಸ್ಕ್ ಹಾಕಿ ತಡವಾಗಿ ತೆಗೆದ ರಕ್ತದಲ್ಲಿ ಸಂಖ್ಯೆ ಕಡಿಮೆ ಬಂದರೆ, ಡಾಕ್ಟರು ಈ ಎರಡು ಸಮಯ ನೋಡಿಯೇ ಅದನ್ನು ಅಳೆಯಬೇಕಾಗುತ್ತದೆ. ಹಾಗಂತ ಸ್ಯಾಂಪಲ್ಲಿಗೋಸ್ಕರ ಮಾಸ್ಕ್ ತಡ ಮಾಡಿಸಬೇಡಿ.