ಸ್ಕಾಟ್ಲೆಂಡಿನವರಾ ಐರ್ಲೆಂಡಿನವರಾ, ಒಂದು ಹೇಳಿ ಅನ್ನುವವರಿಗೆ

ವರ್ಜೀನಿಯಾದ ಶೆನಾಂಡೋವಾ ಕಣಿವೆಯಲ್ಲಿ ನಮ್ಮ ಮನೆ. ಅಕ್ಟೋಬರ್ ಬಂತೆಂದರೆ ಎಲೆ ಕೆಂಪಾಗುವುದನ್ನು ನೋಡಲು ವಾಷಿಂಗ್ಟನ್ ಕಡೆಯ ಕನ್ನಡದವರು ಕಾರು ಹತ್ತಿ ಬರುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆತರುತ್ತಾರೆ. ಎಲೆ ಎಷ್ಟು ಹೊತ್ತು ನೋಡುವುದು? ಆಮೇಲೆ ಎಲ್ಲರನ್ನೂ ಸ್ಟ್ಯಾಂಟನ್ ಊರಿನ ಫ್ರಾಂಟಿಯರ್ ಕಲ್ಚರ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. 1730ರ ದಶಕದಿಂದ ಈ ಕಣಿವೆಗೆ ಬಂದು ನೆಲೆಸಿದ ಸ್ಕಾಚ್-ಐರಿಶ್ ಜನರ ಕಥೆ ಶುರು ಮಾಡುತ್ತೇನೆ. ಬಾಯಿ ತೆರೆದಿರುವುದಿಲ್ಲ, ಪ್ರಶ್ನೆ ಬಂದುಬಿಡುತ್ತದೆ: "ಸ್ಕಾಟ್ಲೆಂಡಿನವರಾ ಐರ್ಲೆಂಡಿನವರಾ? ಒಂದು ಹೇಳಿ."

ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಜಾಸ್ತಿ ಜನ ಸ್ಕಾಟ್ಲೆಂಡಿನ ತಗ್ಗು ನಾಡಿನ ರೈತಾಪಿಗಳು. 1610ರ ಸುಮಾರಿಗೆ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸ್ ಐರ್ಲೆಂಡಿನ ಉತ್ತರಕ್ಕಿರುವ ಅಲ್ಸ್ಟರ್‌ನಲ್ಲಿ, ಅಲ್ಲಿನ ಗೇಲಿಕ್ ಒಡೆಯರಿಂದ ಕಿತ್ತುಕೊಂಡ ಜಮೀನಿನ ಮೇಲೆ ಇವರನ್ನು ತಂದು ಕೂರಿಸಿದ. ನೂರು ವರ್ಷ ಅಲ್ಲೇ ಬಾಳಿದರು. ಇವರು ಪ್ರೆಸ್ಬಿಟೇರಿಯನ್ನರು, ಪ್ರಾಟೆಸ್ಟೆಂಟರಲ್ಲೇ ಒಂದು ಪಂಥ. ಹಾಗಾಗಿ ಕ್ಯಾಥೊಲಿಕ್ ಐರಿಶರಿಗೂ ಬೇಡ, ಸರ್ಕಾರದ ಆಂಗ್ಲಿಕನ್ ಚರ್ಚಿಗೂ ಬೇಡ. ತಮ್ಮದಲ್ಲದ ಚರ್ಚಿಗೆ ಬೆಳೆಯಲ್ಲಿ ಪಾಲು ಕೊಡಬೇಕು. 1704ರ ಕಾನೂನು ಬಂದ ಮೇಲೆ ಸರ್ಕಾರಿ ಹುದ್ದೆಯೂ ಇಲ್ಲ. 31 ವರ್ಷದ ಗೇಣಿ ಕರಾರು ಮುಗಿದಲ್ಲೆಲ್ಲ ಜಮೀನ್ದಾರರು ಗೇಣಿ ಏರಿಸಿದರು, ಅದೇ ಹೊತ್ತಿಗೆ ಮಳೆಯೂ ಕೈಕೊಟ್ಟಿತು. 1718ರಲ್ಲಿ ಪಾದ್ರಿಗಳೇ ಮುಂದೆ ನಿಂತು ತಮ್ಮ ಜನರನ್ನು ಹಡಗು ಹತ್ತಿಸಿದರು. ಅಲ್ಲಿಂದ 1775ರವರೆಗೆ ಅಮೆರಿಕಕ್ಕೆ ಬಂದವರು ಲಕ್ಷಕ್ಕೂ ಮೇಲೆ.

ಇದು ಉತ್ತರ. ಆದರೆ ಕೇಳಿದವರಿಗೆ ಇದು ಸಾಕಾಗಲ್ಲ.

ಗದಗದಿಂದ ನಮ್ಮ ಮಾಮಾ ಬಂದಿದ್ದರು. ಮ್ಯೂಸಿಯಂನಲ್ಲಿ ಒಂದು ಅಲ್ಸ್ಟರ್ ಮನೆ ಇದೆ. ಟೈರೋನ್ ಕೌಂಟಿಯ ಡ್ರಂಕ್ವಿನ್ ಕಡೆಯ ಮನೆ, ಬಿಚ್ಚಿ ತಂದು ಇಲ್ಲಿ ಕಟ್ಟಿದ್ದಾರೆ. ಕಲ್ಲಿನ ಗೋಡೆ, ಮೇಲೆ ಸುಣ್ಣ, ಹುಲ್ಲಿನ ಚಾವಣಿ. ಅದರ ಬಾಗಿಲಲ್ಲಿ ನಿಂತು ಮೇಲೆ ಬರೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಮಾಮಾ ತಾಳ್ಮೆಯಿಂದ ಕೇಳಿ, "ಅದಿರ್ಲಿ ಬಿಡು, ಒರಿಜಿನಲ್ ಯಾವ ಊರಾವ್ರು?" ಅಂದರು.

ಈ 'ಒರಿಜಿನಲ್' ಕೇಳಿದರೆ ನನಗೆ ಮೈ ಉರಿಯುತ್ತದೆ. ಮಾಮಾನ ಅಜ್ಜ ಸೊಲ್ಲಾಪುರದಿಂದ ಬಂದವರು, ಆದರೂ ಮಾಮಾ ಎಲ್ಲಿ ಹೋದರೂ ಎದೆ ತಟ್ಟಿ ಗದಗದವರು ಅನ್ನುತ್ತಾರೆ, ಯಾರೂ ತಕರಾರು ಮಾಡಿಲ್ಲ. ಇಲ್ಲಿನ ಅಂಗಡಿಯಲ್ಲಿ ಬಿಲ್ ಹಾಕುವಾಕೆ ನನ್ನನ್ನು ಅದೇ ಪ್ರಶ್ನೆ ಕೇಳಿದಾಗ, "ಇಷ್ಟು ವರ್ಷ ಇದ್ರೂ ಹಂಗ ಕೇಳ್ತಾರಲ್ಲೋ" ಅಂತ ನನಗಿಂತ ಜಾಸ್ತಿ ಸಿಟ್ಟಾದವರೂ ಇದೇ ಮಾಮಾ. ನಮ್ಮನ್ನು ಕೇಳಬಾರದು, ಬೇರೆಯವರದ್ದು ಮಾತ್ರ ಬೇರು ಸಮೇತ ಬೇಕು. ಇನ್ನೊಂದು ಸ್ವಲ್ಪ ಬಿಟ್ಟಿದ್ದರೆ ಯಾವ ಮಂದಿ, ಯಾವ ಒಳಪಂಗಡ ಅಂತಲೂ ಕೇಳುತ್ತಿದ್ದರು.

ಮಾಮಾನನ್ನು ಬೈದದ್ದು ಸಾಕು. ಆ ದಿನದ ಒಳ್ಳೇ ಪ್ರಶ್ನೆಯೂ ಅವರದ್ದೇ. ಅಲ್ಲಿ ಒಂದು ಹಲಗೆ ಇತ್ತು, ಅದರ ತುಂಬ ಉದ್ದುದ್ದ ಕಬ್ಬಿಣದ ಮೊಳೆಗಳು. "ಇದೇನಿದು, ಕುದುರಿ ಬಾಲ ಬಾಚೂದಾ?" ಅಂದರು. ಅಗಸೆ ನಾರು ಬಾಚುವುದು ಮಾಮಾ, ಇದರಿಂದಲೇ ಲಿನನ್ ಬಟ್ಟೆ. "ಅಗಸಿ ಹಿಂಡಿ ಮಾಡ್ತೀವಲ್ಲ, ಆ ಅಗಸಿನಾ?" ಅದೇ. ಮಾಮಾನ ಮುಖ ಅರಳಿತು, ನನಗೂ ಹುರುಪು ಬಂತು. ಯಾಕೆಂದರೆ ಈ ಜನ ಅಮೆರಿಕಕ್ಕೆ ಬಂದದ್ದೇ ಅಗಸೆಯ ದಾರಿಯಲ್ಲಿ.

ಅಲ್ಸ್ಟರ್‌ನಲ್ಲಿ ನಾರು ನಯವಾಗಿರಲಿ ಅಂತ ಅಗಸೆಯನ್ನು ಬೀಜ ಬಲಿಯುವ ಮೊದಲೇ ಕೀಳುತ್ತಿದ್ದರು. ಹಾಗೆ ಕಿತ್ತರೆ ಮುಂದಿನ ಬಿತ್ತನೆಗೆ ಬೀಜ ಎಲ್ಲಿಂದ? ಪೆನ್ಸಿಲ್ವೇನಿಯಾದಿಂದ. ಫಿಲಡೆಲ್ಫಿಯಾದಿಂದ ಅಗಸೆ ಬೀಜ ತುಂಬಿಕೊಂಡ ಹಡಗು ಡೆರಿಗೋ ಬೆಲ್‌ಫಾಸ್ಟಿಗೋ ಬಂದು ಮಾಲು ಇಳಿಸುತ್ತಿತ್ತು. ವಾಪಸ್ಸು ಹೋಗುವಾಗ ಹೊಟ್ಟೆ ಖಾಲಿ. ಖಾಲಿ ಹಡಗು ಓಡಿಸಿದರೆ ಯಾವ ವ್ಯಾಪಾರಿಗೂ ಗಿಟ್ಟಲ್ಲ, ಅದಕ್ಕೆ ಜನರನ್ನು ತುಂಬಿದರು. ಟಿಕೆಟ್ಟಿಗೆ ದುಡ್ಡಿಲ್ಲದವರು ಕೆಲವು ವರ್ಷ ಜೀತದ ಕರಾರು ಬರೆದುಕೊಟ್ಟು ಹತ್ತಿದರು. "ಅಂದ್ರ ಅಗಸಿ ಬಂತು, ಮಂದಿ ಹೋದ್ರು" ಅಂದರು ಮಾಮಾ. ನಾನು ಅರ್ಧ ಗಂಟೆ ಕೊರೆದದ್ದನ್ನು ಅವರು ನಾಲ್ಕು ಮಾತಲ್ಲಿ ಮುಗಿಸಿಬಿಟ್ಟರು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಯಾರಾದರೂ ಇದರ ಮುಂದಿನದ್ದು ಕೇಳಲಿ ಅಂತ ಕಾಯುತ್ತಿರುತ್ತೇನೆ. ಹಡಗು ಇಳಿದದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿಂದ ಇಷ್ಟು ದೂರ, ಕಾಡಿನ ಅಂಚಿಗೆ, ಇವರನ್ನು ತಂದು ಕೂರಿಸಿದವರು ಯಾರು?

ಧೈರ್ಯದ ಜನ, ಹಠದ ಜನ, ಗುಡ್ಡ ಅಂದರೆ ಪ್ರಾಣ, ಅದಕ್ಕೇ ಬಂದರು ಅನ್ನುತ್ತಾರೆ. ಸುಮ್ನೆ ಮಾತು. ಫಿಲಡೆಲ್ಫಿಯಾದ ಹತ್ತಿರದ ಜಮೀನು ಆಗಲೇ ಬೇರೆಯವರ ಪಾಲಾಗಿತ್ತು, ಉಳಿದದ್ದಕ್ಕೆ ಕೊಡಲು ಇವರ ಹತ್ತಿರ ದುಡ್ಡಿರಲಿಲ್ಲ. ಇನ್ನೊಂದು ಕಾರಣ ಜೇಮ್ಸ್ ಲೋಗನ್. ಪೆನ್ಸಿಲ್ವೇನಿಯಾದ ಜಮೀನು ವ್ಯವಹಾರ ಆತನ ಕೈಯಲ್ಲಿತ್ತು. ಹುಟ್ಟಿದ್ದು ಅಲ್ಸ್ಟರ್‌ನಲ್ಲೇ, ಆದರೆ ಕ್ವೇಕರ್, ಬಂದೂಕು ಹಿಡಿಯದ ಪಂಥ. ತಾನು ಹಿಡಿಯಲ್ಲ, ಹಿಡಿಯುವವರನ್ನು ಅಂಚಿನಲ್ಲಿ ಕೂರಿಸಿದ. ಅಲ್ಲಿನ ಮೂಲನಿವಾಸಿಗಳಿಗೂ ತಮಗೂ ನಡುವೆ ಇವರು ಬೇಲಿ. 1730ರ ಹೊತ್ತಿಗೆ ಅದೇ ಲೋಗನ್, ಬೇರೆ ಐವತ್ತು ಕುಟುಂಬ ಕೊಡದ ತಲೆನೋವನ್ನು ಉತ್ತರ ಐರ್ಲೆಂಡಿನ ಐದು ಕುಟುಂಬ ಕೊಡುತ್ತವೆ ಅಂತ ಗೋಳಾಡಿದ.

ವರ್ಜೀನಿಯಾದಲ್ಲೂ ಹಾಗೇ. ಬೆಂಜಮಿನ್ ಬೋರ್ಡನ್ ಅನ್ನುವವನಿಗೆ 1739ರಲ್ಲಿ ಈ ಕಣಿವೆಯಲ್ಲಿ 92,100 ಎಕರೆ ಮಂಜೂರಾಯಿತು, ಜನರನ್ನು ತಂದು ನೆಲೆಗೊಳಿಸಬೇಕು ಅನ್ನುವ ಷರತ್ತಿನ ಮೇಲೆ. ದಿಮ್ಮಿ ಜೋಡಿಸಿ ಒಂದು ಗುಡಿಸಲು ಕಟ್ಟಿದವರಿಗೆ 100 ಎಕರೆ ಅಂದ. ಬೆಲ್ ಎಂಬುವರ ಮನೆಯ ಕೆಲಸದ ಹುಡುಗಿಯೊಬ್ಬಳು ಗಂಡಸಿನ ಬಟ್ಟೆ ಹಾಕಿಕೊಂಡು, ಬೆಲ್ ಹೆಸರಿನಲ್ಲೇ ಐದಾರು ಗುಡಿಸಲಿನ ಹಕ್ಕು ಗಿಟ್ಟಿಸಿದಳಂತೆ. ಗುಡಿಸಲು ಲೆಕ್ಕ ಮಾಡಲು ಬಂದವನು ಎಲ್ಲಿ ಹೋದರೂ ಬೆಲ್ ಹೆಸರೇ ಬರುತ್ತದಲ್ಲ ಅಂತ ಬೆಪ್ಪಾದನಂತೆ. (ಆ ದಿಮ್ಮಿ ಗುಡಿಸಲೂ ಇವರ ತವರಿನದ್ದಲ್ಲ. ಅದನ್ನು ಜರ್ಮನ್ನರು, ಸ್ವೀಡಿಶರಿಂದ ಕಲಿತರು. ಉದ್ದ ನಳಿಗೆಯ ರೈಫಲ್ ಜರ್ಮನ್ ಕಮ್ಮಾರರದ್ದು, ಗೋವಿನಜೋಳ ಮೂಲನಿವಾಸಿಗಳದ್ದು. ಈಗ ಮೂರೂ ಸೇರಿ 'ಸ್ಕಾಚ್-ಐರಿಶ್ ಪರಂಪರೆ'.)

ಹುಡುಗಿಯ ಕಥೆ ಗೊತ್ತಾದದ್ದು ಮೇರಿ ಗ್ರೀನ್ಲೀ ಎಂಬ ಮುದುಕಿಯ ಸಾಕ್ಷಿಯಿಂದ. ಬೋರ್ಡನ್ ಜಮೀನಿನ ವ್ಯಾಜ್ಯ ಮುಗಿಯದೆ ಎಳೆದಾಡಿ, 1806ರಲ್ಲಿ ಈಕೆಯನ್ನು ಸಾಕ್ಷಿಗೆ ಕರೆದರು. ಅವಳ ಅಪ್ಪ, ಅಣ್ಣತಮ್ಮಂದಿರು, ಗಂಡ ಎಲ್ಲ 1737ರಲ್ಲೇ ಬೋರ್ಡನ್ ಜೊತೆ ಇಲ್ಲಿಗೆ ಬಂದವರು. ವಕೀಲ ವಯಸ್ಸು ಕೇಳಿದ. ಈ ತಿಂಗಳ 17ಕ್ಕೆ ತೊಂಬತ್ತೈದು, ಯಾಕೆ ಕೇಳುತ್ತೀ, ನನಗೇನು ಅರಳುಮರಳು ಅಂದುಕೊಂಡೆಯಾ ಅಂತ ಝಾಡಿಸಿದಳು. ಇಡೀ ಕಣಿವೆಯ ಇತಿಹಾಸದಲ್ಲಿ ನನಗೆ ಈಕೆಯಷ್ಟು ಇಷ್ಟವಾದವರು ಇನ್ನೊಬ್ಬರಿಲ್ಲ.

ಆದರೆ ಬೋರ್ಡನ್ ಹಂಚಿದ ಈ ಎಕರೆಗಳು ಖಾಲಿ ಬಿದ್ದಿರಲಿಲ್ಲ. ಇರೋಕ್ವಾ ಎಂಬ ಮೂಲನಿವಾಸಿಗಳ ದಂಡು ಓಡಾಡುವ ದಾರಿ ಈ ಕಣಿವೆಯಲ್ಲೇ ಇತ್ತು. ಮೇರಿಯ ಸೋದರ ಜಾನ್ ಮೆಕ್‌ಡೋವೆಲ್ 1742ರ ಡಿಸೆಂಬರಿನಲ್ಲಿ ಅಂಥ ಒಂದು ದಂಡಿನ ಜೊತೆ ಕಾದಾಡಿ ಸತ್ತ. 1744ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ ಒಪ್ಪಂದವಾಗಿ, ವರ್ಜೀನಿಯಾ ಸರ್ಕಾರ ಇರೋಕ್ವಾಗಳಿಗೆ ಹಣ, ಸಾಮಾನು ಕೊಟ್ಟಿತು. ಮೊದಲು ಮನೆ ಎದ್ದವು, ಜಮೀನಿನ ದುಡ್ಡು ಆಮೇಲೆ.

ಲೋಗನ್‌ನ ಬೇಲಿ ಏನಾಯಿತು ಅಂತಲೂ ಯಾರೂ ಕೇಳಲ್ಲ. 1763ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಪ್ಯಾಕ್ಸ್‌ಟನ್ ಕಡೆಯ ಸ್ಕಾಚ್-ಐರಿಶ್ ಗುಂಪು ಕಾನೆಸ್ಟೋಗಾ ಎಂಬ ಹಳ್ಳಿಗೆ ನುಗ್ಗಿತು. ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ತಲೆಮಾರುಗಳಿಂದ ತಂಟೆ ತಕರಾರಿಲ್ಲದೆ ಇದ್ದ ಮೂಲನಿವಾಸಿಗಳ ಹಳ್ಳಿ ಅದು. ಆರು ಜನರನ್ನು ಕೊಂದರು. ಉಳಿದ ಹದಿನಾಲ್ಕು ಜನರನ್ನು ಕಾಪಾಡಲೆಂದು ಲ್ಯಾಂಕಾಸ್ಟರಿನ ಸರ್ಕಾರಿ ಕಟ್ಟಡದಲ್ಲಿ ಇಟ್ಟಿದ್ದರು. ಡಿಸೆಂಬರ್ 27ರಂದು ಬಾಗಿಲು ಒಡೆದು ಮಕ್ಕಳನ್ನೂ ಸೇರಿಸಿ ಅಷ್ಟೂ ಜನರನ್ನು ಮುಗಿಸಿದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಇದನ್ನು ಬಿಟ್ಟು ಪಿಟೀಲು, ವಿಸ್ಕಿ, ರೈಫಲ್ ಅಷ್ಟೇ ತೋರಿಸಿ ಕಳಿಸಲು ನನಗೆ ಆಗಲ್ಲ. ನಮ್ಮ ಮನೆಗೆ ಬಂದವರಿಗೆ ಊಟ ಸ್ವಲ್ಪ ತಡವಾಗುತ್ತದೆ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಬನ್ನಿ.