ಬೋಟ್ ಎಂಜಿನ್ನಿಗೆ ಇಂಟರ್‌ಕೂಲರ್ ಹಾಕಿದ್ಮೇಲೆ
ಎಂಜಿನ್ನಿಗೆ ಗಾಳಿ ತುಂಬೋ ಸೂಪರ್‌ಚಾರ್ಜರ್ ಗಾಳೀನ ಒತ್ತಿದಷ್ಟೂ ಆ ಗಾಳಿ ಕಾಯುತ್ತೆ, ಕಾದ ಗಾಳೀಲಿ ಆಕ್ಸಿಜನ್ ಕಮ್ಮಿ, ಮೇಲಿಂದ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು) ಬೇರೆ, ಅದಕ್ಕೆ ಹೆದರಿ ಟೈಮಿಂಗ್ ಕಮ್ಮಿ, ಅಂದ್ರೆ ಕಿಡಿ ಸ್ವಲ್ಪ ತಡವಾಗಿ ಹೊತ್ತೋ ಹಾಗೆ, ಇಟ್ಕೊಂಡೇ ಓಡಿಸ್ತಿದ್ದೆ. ಆ ಗಾಳೀನ ತಣ್ಣಗೆ ಮಾಡೋದೇ ಇಂಟರ್‌ಕೂಲರ್. ಬೋಟಲ್ಲಿ ಒಂದು ಸುಖ, ತಣ್ಣೀರಿಗೆ ಬರ ಇಲ್ಲ, ಕಾರಿನವ್ರ ಥರ ಎದುರುಗಾಳಿ ನಂಬ್ಕೊಂಡು ಕೂರ್ಬೇಕಿಲ್ಲ, ಹೊರಗಿನ ನೀರನ್ನೇ ಪಂಪ್ ಮಾಡಿ ಅದರ ಕೋರ್ (ಗಾಳಿ ತಣ್ಣಗಾಗೋ ಒಳಭಾಗ) ಒಳಗೆ ಹರಿಸಿ ಆಚೆ ಬಿಟ್ರೆ ಮುಗೀತು.

ಹಾಕಿದ್ಮೇಲೆ ಗಾಳಿ ಒತ್ತಡ ತೋರಿಸೋ ಬೂಸ್ಟ್ ಗೇಜ್ ಮೊದಲಿಗಿಂತ ಕಮ್ಮಿ ತೋರಿಸ್ತು, ಎದೆ ಧಸಕ್ ಅಂತು! ಆದ್ರೆ ಗಾಳಿ ತಣ್ಣಗಾದ್ರೆ ಪ್ರೆಶರ್ ಇಳಿಯೋದು ಸಹಜ, ಒಳಗೆ ಹೋಗೋ ಗಾಳಿ ಮಾತ್ರ ದಟ್ಟ ಆಗಿರುತ್ತೆ. ಹಾಗಾಗಿ ಪೆಟ್ರೋಲೂ ಜಾಸ್ತಿ ಬೇಕು, ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಜೆಟ್ ಬದಲಾಯಿಸದೆ ಹಾಗೇ ಎಳೆದ್ರೆ ಪಿಸ್ಟನ್ ಸುಟ್ಟೋಗಬಹುದು.

ನನಗೆ ಭಯ ಇರೋದು ಉಪ್ಪುನೀರಿಂದು, ಉಪ್ಪು ತಿಂದು ಕೋರ್ ತೂತಾದ್ರೆ ನೀರು ಸೀದಾ ಸಿಲಿಂಡರ್‌ಗೆ, ಅದಕ್ಕೇ ಎಷ್ಟೇ ಸುಸ್ತಾಗಿದ್ರೂ ವಾಪಸ್ ಬಂದ ತಕ್ಷಣ ಸಿಹಿನೀರು ಹಾಯಿಸಿ ತೊಳೀತೀನಿ.